ಒಂದು ಬೆಂಕಿಕಡ್ಡಿಯಷ್ಟು

ಹೆಣ್ಣು ನೋಡಾಕ ಎಮ್ಮಿಗನೂರಿಗೆ ಹೋದಾಗ ನಮ್ಮ ಮಾವ ಕೇಳಿದ್ದು ಎರಡೇ ಪ್ರಶ್ನೆ. "ಏನು ಕೆಲಸ ಮಾಡ್ತೀಯಪ್ಪಾ?" ಅಂದ್ರು. "ಮನಿ ಕಟ್ತೀನ್ರಿ" ಅಂದೆ. "ಹೋದ ವರ್ಷ ಎಷ್ಟು ಮನಿ ಕಟ್ಟೀದಿ?" ಅಂದ್ರು. ಬೆರಳು ಮಡಚಿ ಲೆಕ್ಕ ಹಾಕಿ, "ಮುನ್ನೂರರ ಮ್ಯಾಲ ಆಗಿರಬೇಕ್ರಿ, ಎರಡು ಗುಡಿ, ಒಂದು ಕೆರಿ ಬ್ಯಾರೆ" ಅಂದೆ. ಅವರು ಅಲ್ಲೇ ಎಲಿ ಅಡಿಕಿ ತರಿಸಿದ್ರು. ಮದುವಿ ಆದ ಮ್ಯಾಲ ನಮ್ಮಾಕಿ ಒಂದಿನ ಆಫೀಸಿಗೆ ಬಂದು, ಮೇಜಿನ ಮ್ಯಾಲ ಬೆಲ್ಲದ ತುಣುಕಿನಷ್ಟು ಮನಿಗಳನ್ನ ನೋಡಿ, ಬಾಯಿಗೆ ಸೆರಗು ಹಿಡಕೊಂಡು ನಕ್ಕದ್ದು ಈಗಲೂ ನೆನಪೈತಿ. ಅವರಪ್ಪಗ ಮಾತ್ರ ಆಕಿ ಎಷ್ಟೋ ವರ್ಷ ಹೇಳಲಿಲ್ಲ. ಅಳಿಯ ದೊಡ್ಡ ಕಂಟ್ರಾಕ್ಟರು ಅಂತ ಅವರು ಊರೆಲ್ಲ ಹೇಳಿಕೊಂಡು ಅಡ್ಡಾಡತಿದ್ರು.

ಆದೋನಿಯ ಒಂದು ಸರಕಾರಿ ಆಫೀಸಿನ ಹಿಂದ, ತಗಡಿನ ಶೆಡ್ಡಿನ್ಯಾಗ ನಾನು ನೌಕರಿ ಪೂರ್ತಿ ಕಳದೆ. ಯಾವ ಆಫೀಸು ಅಂತ ಕೇಳಬ್ಯಾಡ್ರಿ, ನನ್ನ ಪಿಂಚಣಿ ಇನ್ನೂ ಅವರ ಕೈಯಾಗ ಐತಿ. ಕೆರಿ, ಕಾಲುವಿ, ರಸ್ತೆ, ಊರು, ಏನು ಮಾಡಬೇಕಂದ್ರೂ ಮೊದಲು ಅದರ ಮಾಡೆಲ್ ಮಾಡಿ ಮೇಜಿನ ಮ್ಯಾಲ ಇಡಬೇಕು. ಅದು ನನ್ನ ಕೆಲಸ. ಈಗ ಅದೇ ಶೆಡ್ಡಿಗೆ ಮೂರು ಮಂದಿ ಹೊಸಬರು ಬಂದಾರ, ಎಸಿ ಹಾಕಿಸಿಕೊಂಡಾರ. "ನಿಮ್ಮ ಅನುಭವ ಬರದು ಕೊಡ್ರಿ ಸಾರ್, ತೆಲುಗಿನ್ಯಾಗ ಬರದ್ರ ಚೊಲೋ" ಅಂದ್ರು. ಆಫೀಸಿನ ಕಾಗದ ಅಷ್ಟೂ ನಾನು ತೆಲುಗಿನ್ಯಾಗ ಬರದೀನಿ. ತಪ್ಪು ಒಪ್ಪಿಕೊಳ್ಳಾಕ ಮಾತ್ರ ನನಗ ನಮ್ಮವ್ವನ ಮಾತೇ ಬೇಕು. ಕನ್ನಡದಾಗ ಬರದೀನಿ, ಓದಾಕ ಬರದಿದ್ರ ಅವರವ್ವನ ಕಡೆ ಓದಿಸಿಕೊಳ್ಳಲಿ.

ನನಗ ಕೆಲಸ ಕಲಿಸಿದವರು ಬಿಂದಾಚಾರ್. ಹಣಿಮ್ಯಾಲ ಅಂಗಾರ ಅಕ್ಷತಿ, ಕಿವಿ ಮ್ಯಾಲ ಪೆನ್ಸಿಲ್, ಹೆಡ್ ಡ್ರಾಫ್ಟ್ಸ್‌ಮನ್ನು. ಬ್ಯಾರೆಯವರ ಮನ್ಯಾಗ ನೀರು ಕುಡಿಯದ ಮನುಷ್ಯ, ಬ್ಯಾರೆಯವರ ಮನಿ ಗ್ವಾಡಿ ಎಷ್ಟು ದಪ್ಪ ಐತಿ ಅನ್ನೋದನ್ನ ಮಾತ್ರ ಇಡೀ ತಾಲೂಕಿಂದು ಹೇಳತಿದ್ರು. ನಾನು ಸೇರಿದ ಕಾಲಕ್ಕ ಥರ್ಮೋಕೋಲು ಸೈತ ನಮ್ಮ ಕಡೆ ಬಂದಿದ್ದಿಲ್ಲ. ಹಳೇ ಪೇಪರು ನೆನಸಿ, ರುಬ್ಬಿ, ಅಂಟು ಕಲಸಿ ಗುಡ್ಡ ಮಾಡತಿದ್ವಿ. ತೆಂಗಿನ ನಾರು ಬಿಡಿಸಿ ಹಸಿರು ಬಣ್ಣದ ಕಟ್ಟಿಗಿ ಹೊಟ್ಟು ಉದುರಿಸಿದ್ರ ಬೇವಿನ ಮರ. ಅಂಟು ಅಂದ್ರ ಮೈದಾ ಹಿಟ್ಟಿನ ಗಂಜಿ, ಅದಕ್ಕ ಹುಳ ಹತ್ತದಂಗ ಚೂರು ಮೈಲುತುತ್ತ ಹಾಕಿ ಕುದಿಸಬೇಕು.

ನಾನು ಮೊದಲನೇ ಸಲ ಒಬ್ಬನೇ ಅಂಟು ಕುದಿಸಿದಾಗ ಮೈಲುತುತ್ತ ಹಾಕೋದು ಮರತೆ. ನಂದವರಂ ಕಡೆಯ ಒಂದು ಊರಿನ ಮಾಡೆಲ್ ಅದು. ಶನಿವಾರ ಮುಗಿಸಿ ಬೀಗ ಹಾಕಿ ಹೋದ್ವಿ. ಸೋಮವಾರ ಬಂದು ನೋಡಿದ್ರ ಊರಾಗ ಗುಡಿನೇ ಇಲ್ಲ. ಜಿರಳಿ ಗೋಪುರದಿಂದ ಶುರು ಮಾಡಿ ಪೌಳಿ ತನಕ ತಿಂದು ಮುಗಿಸಿದ್ವು. ನೌಕರಿ ಹೋತು ಅಂದುಕೊಂಡೆ. ಬಿಂದಾಚಾರ್ ಕನ್ನಡಕ ಏರಿಸಿ ಬಗ್ಗಿ ನೋಡಿ, "ಭಕ್ತಿ ಅದನೋ ಇವಕ್ಕ. ಗೌಡ್ರ ಮನಿ ಮುಟ್ಟಿಲ್ಲ ನೋಡು" ಅಂದ್ರು. ಆಮ್ಯಾಲ ನನ್ನನ್ನ ಕುಂಡ್ರಿಸಿ, ಮೈಲುತುತ್ತ ಎಷ್ಟು ಹಾಕಬೇಕು ಅಂತ ಕೈಯಾಗ ಹಿಡಿಸಿ ತೋರಿಸಿದ್ರು. ಅವರು ಬೈದಿದ್ರ ಒಂದು ವಾರಕ್ಕ ಮರೀತಿದ್ದೆ.

ನಮ್ಮ ಸ್ಕೇಲು ಎರಡು ನೂರರದು. ನೆಲದ ಮ್ಯಾಲಿನ ಎರಡು ನೂರು ಅಡಿ ಮೇಜಿನ ಮ್ಯಾಲ ಒಂದು ಅಡಿ. ಈ ಸ್ಕೇಲಿನ್ಯಾಗ ಒಂದು ಕುರಿ ಅಂದ್ರ ಒಂದು ಅಕ್ಕಿ ಕಾಳು. ನಾನು ಕುರಿ ಕಾಯೋರ ಮಗ, ಕುರಿ ಹಿಂಡು ಮಾಡು ಅಂದ್ರ ನನಗ ಎಲ್ಲಿಲ್ಲದ ಹುರುಪು. ನೂರಾ ಎಂಟು ಕಾಳಿಗೆ ಕರಿ ಬಣ್ಣ ಬಳದು, ಚಿಮಟಿಗಿಲೆ ಒಂದೊಂದೇ ಹಿಡದು, ಹೊಲದಾಗ ಸಾಲಾಗಿ ನಿಲ್ಲಿಸಿದೆ. ಆಫೀಸಿನವರೆಲ್ಲ ಹೊಗಳಿದ್ರು. ಆಗ ನಮ್ಮಪ್ಪ ಏನೋ ಕೆಲಸಕ್ಕ ಆದೋನಿಗೆ ಬಂದಾಂವ ಶೆಡ್ಡಿಗೂ ಬಂದ. ಕಂಬಳಿ ಹೆಗಲ ಮ್ಯಾಲ ಹಾಕ್ಕೊಂಡು ಬಹಳ ಹೊತ್ತು ನೋಡಿದ.

"ಇದು ಯಾವ ಹೊತ್ತು?" ಅಂದ.

"ಮಧ್ಯಾಹ್ನ, ಅಪ್ಪಾ. ನೆರಳು ಬಿದ್ದಿಲ್ಲ ನೋಡು" ಅಂದೆ.

"ಮಧ್ಯಾಹ್ನದ ಬಿಸಿಲಾಗ ಕುರಿ ಹಿಂಗ ಪೊಲೀಸರಂಗ ನಿಲ್ಲತಾವೇನೋ? ಒಂದರ ಹೊಟ್ಟಿ ಕೆಳಗ ಇನ್ನೊಂದು ತಲಿ ಹಾಕ್ತಾವ. ಹತ್ತು ವರ್ಷ ಕಾದೀಯಲ್ಲ, ಎಲ್ಲಿ ನೋಡತಿದ್ದಿ?"

ಬಿಂದಾಚಾರ್ ಎದ್ದು ಬಂದು ನಮ್ಮಪ್ಪಗ ಕುರ್ಚಿ ಹಾಕಿದ್ರು. ಆಮ್ಯಾಲ ನನಗ ಅಂದ್ರು, "ಎಲ್ಲಾ ಕಾಳು ಕೀಳು. ಮಧ್ಯಾಹ್ನ ಊಟಾ ಆದಮ್ಯಾಲೆ ಮತ್ತ ಹಚ್ಚು." ನೂರಾ ಎಂಟು ಕುರಿ ಕಿತ್ತೆ. ಹೊಸಬರಿಗೆ ಹೇಳೋದು ಇಷ್ಟೇ, ಟೇಪು ಹಿಡದು ಅಳದದ್ದು ಅರ್ಧ ಕೆಲಸ, ಉಳಿದ ಅರ್ಧ ಅಲ್ಲಿರೋರನ್ನ ಕೇಳಬೇಕು. ಇದನ್ನ ನಾನು ಆವತ್ತು ಕಲತೆ, ಆಮ್ಯಾಲ ಬಹಳ ಸಲ ಮರತೆ.

ಮುಂದ ಥರ್ಮೋಕೋಲು ಬಂತು. ಬಿಸಿ ತಂತಿಲೆ ಬೆಣ್ಣಿ ಕೊಯ್ದಂಗ ಕೊಯ್ಯಬಹುದು. ಎರಡು ದಿನದ ಗುಡ್ಡ ಅರ್ಧ ತಾಸಿನ್ಯಾಗ ಆಗತಿತ್ತು. ನಮಗ ಸೊಕ್ಕು ಬಂತು. ಆ ಕಾಲದಾಗ ಒಬ್ಬ ಸಾಹೇಬ್ರು ಕೆರಿ ಮಾಡೆಲ್ಲಿಗೆ ಖರೇ ನೀರು ಹಾಕಬೇಕು ಅಂತ ಹಟ ಹಿಡದ್ರು, ಯಾರೋ ದೊಡ್ಡವರು ನೋಡಾಕ ಬರೋರಿದ್ರು. ನೀರಿಗೆ ಸ್ಕೇಲಿಲ್ಲ ಸಾರ್, ಒಂದು ಹನಿ ಬಿದ್ರ ಒಂದು ಮನಿಯಷ್ಟು ಕಾಣತೈತಿ ಅಂತ ಹೇಳಿದೆ. ಕೇಳಲಿಲ್ಲ. ದೊಡ್ಡವರು ಬಂದ್ರು, ತಂಬಿಗಿಲೆ ನೀರು ಸುರದ್ರು, ಚಪ್ಪಾಳೆ ಆತು. ಕೆರಿ ಏರಿ ಸೋರಿ ನೀರು ಊರ ಕೆಳಗ ಹೋತು. ಥರ್ಮೋಕೋಲಿನ ಊರು ಮೆಲ್ಲಕ ಅಡಿಯಿಂದ ಬಿಚ್ಚಿಕೊಂಡು ತೇಲಾಕ ಹತ್ತಿತು. ಗುಡಿ, ಸಾಲಿ, ಪಂಚಾಯ್ತಿ ಆಫೀಸು ಎಲ್ಲಾ ಒಂದೇ ಹಲಗಿ ಮ್ಯಾಲ ಸಾಹೇಬ್ರ ಕಡೆ ಬಂತು. "ಕೆರಿ ಒಡದಿಲ್ಲ ಸಾರ್, ಊರೇ ನಿಮ್ಮನ್ನ ನೋಡಲಿಕ್ಕೆ ಎದ್ದು ಬಂದದ" ಅಂದ್ರು ಬಿಂದಾಚಾರ್. ದೊಡ್ಡವರು ಜೋರಾಗಿ ನಕ್ಕ ಕಾರಣಕ್ಕ ನಾವು ಉಳದ್ವಿ.

ಆಮ್ಯಾಲ ಫೋಮ್ ಬೋರ್ಡು, ಆಮ್ಯಾಲ ಲೇಸರ್ ಮಷೀನು. ಈಗ ಈ ಮೂರು ಮಂದಿ ಮನಿಗಳನ್ನ ಪ್ರಿಂಟ್ ಹೊಡೀತಾರ. ಮಷೀನಿಗೆ ಊರು ಹೇಳಿ ಚಾ ಕುಡಿಯಾಕ ಹೋಗತಾರ, ಬರೋದ್ರಾಗ ಊರು ಆಗಿರತೈತಿ. ಮೊನ್ನೆ ಒಂದು ತೋರಿಸಿದ್ರು. ಎಲ್ಲಾ ಚಂದ ಐತಿ, ಕುರಿ ಮಾತ್ರ ಪೊಲೀಸರಂಗ ನಿಂತಿದ್ವು. ಅವರಪ್ಪಂದಿರು ಬಂದು ಹೇಳಲಿ ಅಂತ ಬಿಟ್ಟೆ.

ಈಗ ಯಾವುದಕ್ಕ ಈ ಕಾಗದ ಹಿಡದು ಕುಂತೆನೋ ಆ ಮಾತಿಗೆ ಬರ್ತೀನಿ.

ಕೌತಾಳಂ ಕಡೆ ಒಂದು ಊರು. ಹೆಸರು ಬರಿಯಂಗಿಲ್ಲ, ಅಲ್ಲಿ ನಮ್ಮ ಬೀಗರು ಅದಾರ. ಊರ ನಡುವಿನ ರಸ್ತೆ ಅಗಲ ಮಾಡೋದಿತ್ತು. ನಾನು, ಬಿಂದಾಚಾರ್ ಸೇರಿ ರಸ್ತೆ ಎರಡೂ ಬದಿಯ ಮನಿ ಮಾಡೆಲ್ ಮಾಡಿದ್ವಿ. ಬಿಂದಾಚಾರ್ ರಿಟೈರ್ ಆಗಾಕ ಆರು ತಿಂಗಳು ಉಳದಿತ್ತು, ಅದು ಅವರ ಕಡೇ ಮಾಡೆಲ್. ಕೆಳಗ ಪಟ್ಟಿ ಮ್ಯಾಲ ತಪಾಸ ಮಾಡಿದವರು ಅಂತ ಚಂದಾಗಿ ಸಹಿ ಹಾಕಿದ್ರು.

ಆವಾಗಿನ ಸಾಹೇಬ್ರು ಕರಾವಳಿ ಕಡೆಯವರು, ಬರೇ ತೆಲುಗು. ಮಾಡೆಲ್ ನೋಡಿ "ಬಾಗುಂದಿ, ಚಾಲಾ ಬಾಗುಂದಿ" ಅಂತ ಹೊಗಳಿದ್ರು. ಮಗ್ಗುಲಲ್ಲಿ ನಕ್ಷೆ ಇತ್ತು, ಅದನ್ನ ಯಾರು ಬಿಡಿಸಿ ಓದಬೇಕು? ಹೊಸ ರಸ್ತೆಯ ಅಂಚು ಬರೋ ಕಡೆ ಎರಡೂ ತುದಿಗೆ ಸೂಜಿ ಚುಚ್ಚಿ ಕೆಂಪು ದಾರ ಎಳದ್ರು. ಎಡಕ್ಕೊಂದು ದಾರ, ಬಲಕ್ಕೊಂದು ದಾರ. ದಾರ ಯಾವ ಯಾವ ಮನಿಗೆ ತಾಕತೈತೋ ಆ ಮನಿ ಬರಕೊಳ್ರಿ ಅಂದ್ರು. ಹದಿನಾಲ್ಕು ಮನಿ ಆದ್ವು. ಒಂದು ವಾರಕ್ಕ ಆ ಊರಾಗ ಹದಿನಾಲ್ಕು ಗ್ವಾಡಿ ಮ್ಯಾಲ ಕೆಂಪು ಬಣ್ಣದ ಗುರುತು ಬಿತ್ತು. ದಾರ ಎಳೆಯೋ ಮುಂದ ನಾನು ಅಲ್ಲೇ ನಿಂತಿದ್ದೆ. ನನ್ನ ಮಾಡೆಲ್ ಎಷ್ಟು ಉಪಯೋಗಕ್ಕ ಬಂತು ಅಂತ ಎದಿ ಉಬ್ಬಿತ್ತು, ಸುಳ್ಳು ಯಾಕ ಹೇಳ್ಲಿ.

ಹತ್ತು ದಿನಕ್ಕ ಒಬ್ಬ ಹೆಣ್ಮಗಳು ಶೆಡ್ಡಿಗೆ ಬಂದಳು. ಮೈಮ್ಯಾಲ, ಹುಬ್ಬಿನ ಮ್ಯಾಲ ಸೈತ ಹಿಟ್ಟು. ಹೆಸರು ಉರುಕುಂದಮ್ಮ. ಮನಿ ಮುಂದಿನ ಖೋಲಿಯಾಗ ಹಿಟ್ಟಿನ ಗಿರಣಿ ಇಟ್ಟಾಳ. ಗಂಡ ತೀರಿಕೊಂಡಾನ, ಎರಡು ಹೆಣ್ಣುಮಕ್ಕಳು ಸಾಲಿಗೆ ಹೋಗತಾವ, ಗಿರಣಿ ಮ್ಯಾಲೇ ಸಂಸಾರ.

"ಅಣ್ಣಾ, ದಾರ ಎಳದದ್ದು ಇದರ ಮ್ಯಾಲೇನು?" ಅಂದಳು.

"ಹೌದು ತಾಯಿ" ಅಂದೆ.

"ನನ್ನ ಗ್ವಾಡಿ ಮುಕ್ಕಾಲು ಮೊಳ ಹೋಗತೈತಂತ. ಅಷ್ಟರಾಗೇ ನನ್ನ ಮಷೀನಿನ ಕಟ್ಟಿ ಐತಿ. ಕಟ್ಟಿ ಒಡದ್ರ ಗಿರಣಿ ನಿಂತಂಗ. ಹಿಂದಕ್ಕ ಸರಸೋಣಂದ್ರ ಜಾಗ ಇಲ್ಲ."

ಇಂಥ ಮಾತು ನಾವು ದಿನಾ ಕೇಳತಿದ್ವಿ. ನಕ್ಷೆ ಮಾಡೋದಷ್ಟೇ ನಮ್ಮ ಕೆಲಸ ತಾಯಿ, ಸಾಹೇಬ್ರನ್ನ ಕೇಳು ಅಂತ ಹೇಳಿ ಕಳಸೋದು ನಮಗ ಬಾಯಿಪಾಠ ಆಗಿತ್ತು. ಹೇಳಿದೆ. ಆಕಿ ಕದಲಲಿಲ್ಲ. ಮೇಜಿನ ಹತ್ತಿರ ಬಗ್ಗಿ ಮನಿಗಳನ್ನ ಒಂದೊಂದಾಗಿ ಗುರುತು ಹಿಡಿಯಾಕ ಹತ್ತಿದಳು. ಇದು ಸಾಲಿ, ಇದು ಚಾದ ಅಂಗಡಿ, ಇದು ಎದುರು ಮನಿ ಟೇಲರ್ ಮಾರೆಪ್ಪಣ್ಣಂದು, ಇದು ನಂದು ಅಂದಳು. ಆಮ್ಯಾಲ ಬೆರಳು ತೋರಿಸಿ ಕೇಳಿದಳು, "ನನ್ನ ಮನಿ ಹಿಂದ ಇದೇನಣ್ಣ ಸಂದಿ?"

"ಯಾವ ಸಂದಿ?"

"ಇಲ್ಲಿ. ಬೆಕ್ಕು ಸೈತ ಹೋಗಂಗಿಲ್ಲ ಅಲ್ಲಿ. ನನಗೂ ಹಿಂದಿನ ಮನಿಗೂ ಒಂದೇ ಗ್ವಾಡಿ. ಅವರು ಒಗ್ಗರಣಿ ಹಾಕಿದ್ರ ನಾನು ಸೀನ್ತೀನಿ."

ಕನ್ನಡಕ ಹಾಕ್ಕೊಂಡು ಬಗ್ಗಿದೆ. ಸಂದಿ ಇತ್ತು, ಮ್ಯಾಲ ಬಣ್ಣ ಮೆತ್ತಿ ಮುಚ್ಚಿತ್ತು. ಬ್ಲೇಡು ತೂರಿಸಿ ಮೆಲ್ಲಕ ಎತ್ತಿದೆ. ಒಳಗಿಂದ ಒಂದು ಬೆಂಕಿಕಡ್ಡಿ ಬಂತು.

ಆಗ ಎಲ್ಲಾ ನೆನಪಾತು. ಆ ಮನಿ ಅಂಟಿಸೋ ಮುಂದ ಹಿಂದಕ್ಕ ವಾಲತಿತ್ತು. ಅಂಟು ಒಣಗೂ ತನಕ ಇರಲಿ ಅಂತ ಹಿಂದ ಒಂದು ಕಡ್ಡಿ ಒತ್ತಿದ್ದೆ. ಒಣಗಿದ ಮ್ಯಾಲ ತೆಗೆಯೋದು ಮರತು ಬಣ್ಣ ಹಚ್ಚಿದ್ದೆ. ಕಡ್ಡಿ ದಪ್ಪ ಎರಡು ಮಿಲಿಮೀಟರು. ಎರಡು ನೂರಲೆ ಗುಣಿಸಿದ್ರ ನೆಲದ ಮ್ಯಾಲ ಹೆಚ್ಚು ಕಮ್ಮಿ ಒಂದು ಮೊಳ. ಆಕಿ ಮನಿಯನ್ನ ರಸ್ತೆಗೆ ನೂಕಿದಾಂವ ನಾನು, ಸರಕಾರ ಅಲ್ಲ.  ಉರುಕುಂದಮ್ಮ ಕಡ್ಡಿ ನೋಡಿದಳು, ನನ್ನ ಮಾರಿ ನೋಡಿದಳು. ಬೈತಾಳ ಅಂದುಕೊಂಡೆ. "ಸಾಹೇಬ್ರಿಗೆ ಹೇಳ್ತೀಯಲ್ಲಣ್ಣ?" ಅಂತ ಅಷ್ಟೇ ಕೇಳಿದಳು. ಹೇಳ್ತೀನಿ ತಾಯಿ ಅಂದೆ.

ಹೇಳ್ತೀನಿ ಅಂದದ್ದು ಬಾಯಿ. ಹೊಟ್ಟಿಯಾಗ ಬ್ಯಾರೇನೇ ಇತ್ತು. ಆಕಿ ಹೋದ ಮ್ಯಾಲ ಕಡ್ಡಿಯನ್ನ ಬಿಂದಾಚಾರ್ ಮೇಜಿನ ಮ್ಯಾಲ ಇಟ್ಟೆ. ಆದದ್ದೆಲ್ಲಾ ಹೇಳಿದೆ. ಅವರು ಕಣ್ಣು ಮುಚ್ಚಿದ್ರು.

"ಕಡ್ಡಿ ಒಗಿ. ಮನಿ ಹಿಂದಕ್ಕ ಸರಿಸಿ ಅಂಟಿಸು. ಸುಮ್ನಿರು" ಅಂದ್ರು.

"ಗ್ವಾಡಿ ಮ್ಯಾಲಿನ ಗುರುತು?"

"ಒಂದು ಮನಿ ತಪ್ಪು ಅಂದ್ಯೋ, ಹದಿನಾಲ್ಕೂ ಮನಿಯವರು ಬರ್ತಾರ. ಇಲ್ಲೀತನಕ ಮಾಡಿದ್ದೆಲ್ಲಾ ತಪ್ಪು ಅಂತಾರ. ನಾನು ಆರು ತಿಂಗಳಿಗೆ ಹೋಗಾಂವ, ನೀ ಇಲ್ಲೇ ಇರಬೇಕು."

 ಖರೇ ಹೇಳಬೇಕಂದ್ರ ನನಗ ಹಗುರ ಆತು. ಹಿರಿಯರು ಬ್ಯಾಡ ಅಂದ್ರು, ನನ್ನದೇನು ಅಂತ ಜಾಗಕ್ಕ ಹೋಗಿ ಕುಂತೆ. ಚಾ ಬಂತು. ಬಿಂದಾಚಾರ್ ಮನಿಯಿಂದ ತಂದಿದ್ದ ಚಾದ ಫ್ಲಾಸ್ಕಿಗೆ ಕೈ ಹಚ್ಚಲಿಲ್ಲ. ಎದ್ದು ಮಾಡೆಲ್ ಹತ್ತಿರ ಹೋಗಿ ಪಟ್ಟಿ ಮ್ಯಾಲಿನ ತಮ್ಮ ಸಹಿ ನೋಡಿದ್ರು, ಒಂದು ಸಲ ಉಗುರಿಲೆ ಕೆರದೂ ನೋಡಿದ್ರು. ಆಮ್ಯಾಲ ಅಂಗಿ ಗುಂಡಿ ಹಾಕ್ಕೊಂಡು, "ನಡಿಯೋ ಈರಣ್ಣ. ಕಡ್ಡಿ ತಗೊಂಡು ಬಾ" ಅಂದ್ರು.

ಸಾಹೇಬ್ರ ಮುಂದ ನಾನು ಬಾಯಿ ತೆಗೆಯೋದ್ರಾಗ ಬಿಂದಾಚಾರ್ ತೆಲುಗಿನ್ಯಾಗ ಶುರು ಮಾಡಿಬಿಟ್ಟಿದ್ರು. ತಪ್ಪು ನಂದು, ತಪಾಸ ಮಾಡಿ ಸಹಿ ಹಾಕಿದಾಂವ ನಾನು ಅಂದ್ರು. ನಾನು "ಕಡ್ಡಿ ಇಟ್ಟಾಂವ ನಾನು ಸಾರ್" ಅಂದೆ. ಅವರು ಮೊಣಕೈಲೆ ನನ್ನ ಪಕ್ಕಿಗೆ ತಿವಿದ್ರು. ಅಷ್ಟು ವರ್ಷ ಅವರ ಕೈ ಕೆಳಗ ದುಡದೆ, ಅಷ್ಟು ಪ್ರೀತಿ ನನಗ ಅವರ ಮ್ಯಾಲ ಯಾವತ್ತೂ ಬಂದಿದ್ದಿಲ್ಲ.

ಸಾಹೇಬ್ರು ಕಡ್ಡಿಯನ್ನ ಬೆಳಕಿಗೆ ಹಿಡದು ನೋಡಿದ್ರು. ಉಳಿದ ಹದಿಮೂರು ಮನಿ ಹೆಂಗ ಅಂತ ಕೇಳಿದ್ರು. ಸರಿ ಅದಾವ ಅನ್ನಬೇಕಂತ ಹೋದೆ, ಆಗಲಿಲ್ಲ. "ಗೊತ್ತಿಲ್ಲ ಸಾರ್" ಅಂದೆ. ಅವರು ಬಹಳ ಸಿಟ್ಟಾದ್ರು, ಆ ಮಾತು ಇಲ್ಲಿ ಬರಿಯೋಹಂಗಿಲ್ಲ. ಕಡೀಗೆ ಹದಿನಾಲ್ಕೂ ಮನಿಗೆ ಉಕ್ಕಿನ ಟೇಪು ಹಿಡೀರಿ, ಎಲ್ಲರ ಕಣ್ಣೆದುರಿಗೆ ಹಿಡೀರಿ ಅಂದ್ರು.

ಊರಿಗೆ ಹೋದ್ವಿ. ಸುದ್ದಿ ನಮಗಿಂತ ಮೊದಲು ಹೋಗಿತ್ತು. ಮಾಡೆಲ್ ತಪ್ಪೈತಿ ಅಂತ, ಅದರಾಗ ಕಡ್ಡಿ ಸಿಕ್ಕಾವಂತ. ಕಡ್ಡಿ ಅಲ್ಲ, ಕಡ್ಡಿಗಳು. ಹದಿನಾಲ್ಕೂ ಮನಿ ಮಂದಿ ಕಟ್ಟಿ ಮ್ಯಾಲ ಕುಂತು ನಮಗ ನಮಸ್ಕಾರ ಮಾಡಿದ್ರು. ನೌಕರಿಯಾಗ ಅಷ್ಟು ನಮಸ್ಕಾರ ನನಗ ಯಾರೂ ಮಾಡಿದ್ದಿಲ್ಲ. ಚಾ ಅಂಗಡಿಯವ ನಾಕು ಸಲ ಚಾ ಕೊಟ್ಟ. ಬಿಂದಾಚಾರ್ ಕುಡಿಯಂಗಿಲ್ಲ ಅಂತ ತಿಳದು ಅವರಿಗೆ ಎಳನೀರು ತರಿಸಿದ್ರು.

ಮೊದಲು ಉರುಕುಂದಮ್ಮನ ಮನಿ. ರಸ್ತೆ ನಡುವಿಂದ ಟೇಪು ಎಳದ್ರ ಗೆರಿ ಗ್ವಾಡಿಯಿಂದ ನಾಲ್ಕು ಬೆರಳು ಆಚೀಗೆ ನಿಂತಿತು. ಗುರುತು ಅಳಸಾಕ ಸುಣ್ಣ ತಂದ್ವಿ. ಆಕಿ ಬ್ರಷ್ಷು ಕಸಗೊಂಡು ತಾನೇ ಬಳದಳು, ಬೇಕಾದ್ದಕ್ಕಿಂತ ಹೆಚ್ಚೇ ಬಳದಳು. ಒಳಗ ಹೋಗಿ ಗಿರಣಿ ಚಾಲೂ ಮಾಡಿದಳು. ಆ ಸಪ್ಪಳ ಕೇಳಿ ನನಗ ಕಣ್ಣಾಗ ನೀರು ಬಂತು.

ಆಮ್ಯಾಲ ಎರಡನೇ ಮನಿ. ಗೆರಿ ಗ್ವಾಡಿ ಒಳಗ ಬಿತ್ತು, ಮಾಡೆಲ್ಲಿನ್ಯಾಗ ಎಲ್ಲಿ ಬಿದ್ದಿತ್ತೋ ಅಲ್ಲೇ. ಮೂರನೇದು ಸರಿ. ನಾಲ್ಕನೇದು ಸರಿ. ನನಗ ಧೈರ್ಯ ಬಂತು. ಎಂಟನೇ ಮನಿ ಹೊತ್ತಿಗೆ ನಾನು ಟೇಪು ಎಳಿಯೋ ಮೊದಲೇ ಎಷ್ಟು ಬರತೈತಿ ಅಂತ ಕೂಗಿ ಹೇಳತಿದ್ದೆ. ಹೇಳಿದಷ್ಟೇ ಬರತಿತ್ತು. ಬಿಂದಾಚಾರ್ ಪುಸ್ತಕದಾಗ ಸರಿ, ಸರಿ ಅಂತ ಬರಕೋತಿದ್ರು. ಹತ್ತನೇದು ಕೂದಲಷ್ಟೂ ಸರಿಯದೆ ಕುಂತಾಗ ನಾನು ಅವರ ಕಡೆ ನೋಡಿ ನಕ್ಕೆ, ಅವರೂ ನಕ್ಕರು. ನಮ್ಮ ಕೈ ಕೆಲಸ ಇಷ್ಟು ಪಕ್ಕಾ ಐತಿ ಅಂತ ಅಷ್ಟು ಖುಷಿ. ನಾವು ನಗೋ ಮುಂದ ಆ ಹತ್ತನೇ ಮನಿ ಮುದುಕಿ ನಮ್ಮನ್ನೇ ನೋಡಕೋತ ನಿಂತಿದ್ದಳು. ಆಕಿ ಮನಿ ಗ್ವಾಡಿ ಮ್ಯಾಲ ಧೂಳಿಗೆ ಮಾಸಿದ್ದ ಗುರುತಿಗೆ ನಮ್ಮ ಜೋಡಿ ಬಂದಿದ್ದ ಆಳು ಮತ್ತೊಮ್ಮೆ ಕೆಂಪು ಬಣ್ಣ ಎಳದ.

ಕಡೇದು ಟೇಲರ್ ಮಾರೆಪ್ಪಂದು. ನನಗಿಂತ ಹಿರಿಯ. ಮುಂದಿನ ಖೋಲಿಯಾಗ ಹೊಲಿಗಿ ಮಷೀನು, ಹಿಂದ ಒಂದು ಅಡಗಿ ಮನಿ. ಗೆರಿ ಅವನ ಖೋಲಿ ನಡುವ, ಮಷೀನಿನ ಮಗ್ಗಲಿಗೆ ಬಿತ್ತು. ಕೊಳ್ಳಾಗಿನ ಟೇಪು ತೆಗದು, "ನಿಮ್ಮ ಟೇಪಿಗೆ ಬ್ಯಾಸಗಿ ಬಡದಿರಬೇಕು, ನಂದು ಹಿಡೀರಿ" ಅಂದ. ನಾನು ನಕ್ಕೋತ ಹಿಡದೆ. ತುಂಡು ತುಂಡಾಗಿ ಅಳದು ಕೂಡಿಸಿದ್ವಿ. ಅಷ್ಟೇ ಬಂತು. ಮಾರೆಪ್ಪ ಟೇಪನ್ನ ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತ ಸುತ್ತಿದ.

ಜೀಪು ಹತ್ತೋ ಮುಂದ ಅಂವ ನನ್ನ ಹತ್ತಿರ ಬಂದ. ಅವನ ದನಿಯಾಗ ಸಿಟ್ಟಿರಲಿಲ್ಲ. ಊರವರಿಗೆ ಕೇಳಬಾರದು ಅನ್ನೋಹಂಗ ಸಣ್ಣಗ ಕೇಳಿದ.

"ಈರಣ್ಣ, ನಮ್ಮ ಮನಿ ಹಿಂದ ಏನೂ ಕಡ್ಡಿ ಸಿಗಲಿಲ್ಲೇನಪ್ಪಾ?"

"ನೋಡಿಲ್ಲ ಮಾರೆಪ್ಪಣ್ಣ. ಹೋಗಿ ನೋಡ್ತೀನಿ" ಅಂದೆ. ಎರಡು ಟೇಪಿಲೆ ಅಳದ ಮ್ಯಾಲ ನೋಡೋದೇನು ಉಳದಿತ್ತು? 

ಮರುದಿನ ಶೆಡ್ಡಿಗೆ ಹೋದಾಂವ ಮೊದಲು ಮಾಡೆಲ್ ಹತ್ತಿರ ಹೋದೆ. ಮಾರೆಪ್ಪನ ಮನಿ ಹಿಂದ ಬ್ಲೇಡು ತೂರಿಸಿ ನೋಡಿದೆ. ಎಡಕ್ಕ ನೋಡಿದೆ, ಬಲಕ್ಕ ನೋಡಿದೆ. ಬ್ಲೇಡು ಎಲ್ಲೂ ಒಳಗ ಹೋಗಲಿಲ್ಲ. ಆ ಹದಿನಾಲ್ಕರಾಗ ನಾನು ಎಲ್ಲಕ್ಕಿಂತ ಚೊಲೋ ಅಂಟಿಸಿದ ಮನಿ ಅದೇ ಆಗಿತ್ತು.